ಬೋಟಿನ 454ಕ್ಕೆ ಚಿಕ್ಕ ಪೋರ್ಟಿನ ಹೆಡ್: ನನ್ನ ಅನುಭವ

ಬೋಟಿನ ಎಂಜಿನ್‌ಗೆ ತಂದ ಮೊದಲ ಜೊತೆ ಹೆಡ್‌ಗಳನ್ನು (ಸಿಲಿಂಡರ್ ಮೇಲಿನ ಮುಚ್ಚಳ; ಗಾಳಿ, ಹೊಗೆ ಹೋಗಿಬರುವ ಅದರ ದಾರಿಗಳೇ ಪೋರ್ಟ್) ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ. ಎರಡು ಎಕ್ಸಾಸ್ಟ್ ವಾಲ್ವ್‌ಗಳಿಗೆ ತುಕ್ಕು ಹಿಡಿದಿದೆ ಅಂತ ಕೊಂಡವನು ಅದರಲ್ಲೂ ಸ್ವಲ್ಪ ಕಡಿಸಿದ. ವಾದಿಸುವ ಬಾಯಿ ನನಗಿರಲಿಲ್ಲ.

ನನ್ನದು ಮಾರ್ಕ್ ಫೋರ್ ಬ್ಲಾಕಿನ 454, ಅಂದರೆ ಶೆವ್ರೊಲೆಯ 454 ಘನ ಇಂಚಿನ ವಿ8, ಬಿಗ್ ಬ್ಲಾಕ್ ಅನ್ನುವ ದೊಡ್ಡ ಎಂಜಿನ್; ಮಾರ್ಕ್ ಫೋರ್ ಅದರ ಹಳೆಯ ತಲೆಮಾರು. ಬೋರ್ (ಸಿಲಿಂಡರ್ ವ್ಯಾಸ) 60 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಹೆಚ್ಚಿಸಿ, ತಲೆಯ ಮೇಲೆ ಸಣ್ಣ ಡೋಮ್, ಅಂದರೆ ಉಬ್ಬು, ಇರುವ ಪಿಸ್ಟನ್ ಹಾಕಿದ್ದೆ. ಬೋಟು 24 ಅಡಿಯ ಡೀಪ್ ವಿ (ತಳ ವಿ ಆಕಾರದಲ್ಲಿ ಚೂಪು), ಸ್ಟರ್ನ್ ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲ್ಲರ್ ಹಿಂದೆ ಹೊರಗೆ), ಗೇರ್ ಅನುಪಾತ 1.5. ಕಂಪನಿಯಿಂದ ಬಂದ 330 ಎಚ್‌ಪಿ ಇದ್ದಾಗ 21 ಪಿಚ್ (ಲೆಕ್ಕದ ಪ್ರಕಾರ ಒಂದು ಸುತ್ತಿಗೆ 21 ಇಂಚು ಮುಂದೆ ಹೋಗುವ) ಪ್ರೊಪೆಲ್ಲರ್ ತಿರುಗಿಸಿಕೊಂಡು 4600 ಆರ್‌ಪಿಎಂನಲ್ಲಿ ಗಂಟೆಗೆ 54 ಮೈಲಿ ಹೋಗುತ್ತಿತ್ತು. ಎಲ್ಲರೂ ಹೇಳುವ ಮಾತನ್ನೇ ನಾನೂ ನಂಬಿದೆ: ಬಿಗ್ ಬ್ಲಾಕ್ ಅಂದಮೇಲೆ ರೆಕ್ಟ್ಯಾಂಗಲ್ ಪೋರ್ಟ್, ಅಂದರೆ ಆಯತಾಕಾರದ ದೊಡ್ಡ ಪೋರ್ಟ್. ಇನ್‌ಟೇಕ್ (ಗಾಳಿ ಒಳಬರುವ) ಪೋರ್ಟ್ 320 ಸಿಸಿ ಆಸುಪಾಸು, ವಾಲ್ವ್ 2.19 ಮತ್ತು 1.88 ಇಂಚು, ಚೇಂಬರ್ (ಇಂಧನ ಉರಿಯುವ ಗುಂಡಿ) 119 ಸಿಸಿ ಇರುವ ಕಬ್ಬಿಣದ ಹೆಡ್ ತಂದೆ. ಅದಕ್ಕೆ ಒಪ್ಪಲಿ ಅಂತ 50 ಥೌನಲ್ಲಿ 236 ಡಿಗ್ರಿ ಹೊತ್ತು ವಾಲ್ವ್ ತೆರೆದಿಡುವ ಕ್ಯಾಮ್ (ವಾಲ್ವ್‌ಗಳನ್ನು ಎತ್ತುವ ಉಬ್ಬುಗಳ ದಂಡ), ಲೋಬ್ ಸೆಪರೇಶನ್ (ಇನ್‌ಟೇಕ್, ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ) 110.

ಬಂದದ್ದೇನು? 4900 ಆರ್‌ಪಿಎಂ, 57 ಮೈಲಿ. ಮೂರು ಮೈಲಿಗೆ ಅಷ್ಟು ದುಡ್ಡು! ಪ್ಲೇನಿಂಗ್‌ಗೆ (ಬೋಟು ಎದ್ದು ನೀರಿನ ಮೇಲೆ ಜಾರುವುದಕ್ಕೆ) ಏರಲು ಮೊದಲು ಆರೇಳು ಸೆಕೆಂಡ್ ಸಾಕಿತ್ತು, ಈಗ ಒಂಬತ್ತು. ಮೂತಿ ಆಕಾಶ ನೋಡುತ್ತಾ ಒದ್ದಾಡುತ್ತಿತ್ತು. ನಾಲ್ಕು ಜನ ಕೂತರೆ ಇನ್ನೂ ಕಷ್ಟ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಅದೇ. 5000 ದಾಟದ ಎಂಜಿನ್‌ಗೆ 6500ರ ಪೋರ್ಟ್ ಹಾಕಿದರೆ 3000ದಲ್ಲಿ ಗಾಳಿ ಸೋಮಾರಿಯಾಗಿ ಒಳಗೆ ಬರುತ್ತದೆ. ಕಾರಿನಲ್ಲಾದರೆ ಗೇರ್ ಬದಲಿಸಿ ತಪ್ಪಿಸಿಕೊಳ್ಳಬಹುದು. ಬೋಟಿಗೆ ಇರುವುದು ಒಂದೇ ಗೇರ್, ನೀರು ಯಾವಾಗಲೂ ಎದೆಗೆ ಒತ್ತಿಕೊಂಡೇ ಇರುತ್ತದೆ.

ತುಕ್ಕಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಡ್ ಕೊಳ್ಳುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ ಇರುವ ಕ್ಯಾಮ್ ಐಡಲ್‌ನಲ್ಲಿ ಎಕ್ಸಾಸ್ಟ್‌ನಿಂದ ಹಿಂದಕ್ಕೆ ಎಳೆಯುತ್ತದೆ. ರೈಸರ್‌ನಲ್ಲಿ (ಎಕ್ಸಾಸ್ಟ್ ಮೇಲೇರಿ ಹೊರಹೋಗುವ ಕೊಳವೆ) ಬೆರೆಯುವ ನೀರು ಅದರ ಜೊತೆ ಮೇಲೆ ಬರುತ್ತದೆ. ನನಗೆ ಹೇಗೆ ಗೊತ್ತಾಯಿತು ಅಂದರೆ, ಸೀಮೆಸುಣ್ಣ ಅರೆದು ಗಂಜಿಯಂತೆ ಮಾಡಿ ರೈಸರ್‌ನ ಒಣ ಭಾಗದೊಳಗೆ ಬಳಿದೆ. ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ಬಿಚ್ಚಿದರೆ ಮೂರು ಬೆರಳಷ್ಟು ಎತ್ತರದವರೆಗೆ ಸುಣ್ಣ ತೊಳೆದುಹೋಗಿತ್ತು. ನಕ್ಕವರಿಗೆ ಫೋಟೋ ತೋರಿಸಿದೆ, ಆಮೇಲೆ ಇಬ್ಬರು ತಮ್ಮ ಬೋಟಿಗೂ ಬಳಿದು ನೋಡಿದರು.

ಎರಡನೇ ಸುತ್ತಿಗೆ ಲೆಕ್ಕ ತಲೆಕೆಳಗು ಮಾಡಿದೆ. ಮೊದಲು ಪ್ರೊಪೆಲ್ಲರ್ ಯಾವ ಆರ್‌ಪಿಎಂನಲ್ಲಿ ಬದುಕುತ್ತದೆ ಅಂತ ಬರೆದುಕೊಂಡೆ: 3000ದಿಂದ 5000. ಆಮೇಲೆ ಕ್ಯಾಮ್. ಕೊನೆಗೆ ಹೆಡ್. ಹೆಡ್ ಕೊಂಡು ಅದಕ್ಕೆ ತಕ್ಕ ಕ್ಯಾಮ್ ಹುಡುಕಿದಾಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಗಿತ್ತು. ಫ್ಲೋ ಬೆಂಚ್ (ಪೋರ್ಟಿನಲ್ಲಿ ಎಷ್ಟು ಗಾಳಿ ಹೋಗುತ್ತದೆ ಅಂತ ಅಳೆಯುವ ಯಂತ್ರ) ಅಂಕಿಗಳಲ್ಲಿ 700 ಥೌ ಲಿಫ್ಟಿನ (ವಾಲ್ವ್ ಏಳುವ ಎತ್ತರ) ಸಾಲನ್ನು ಬೆರಳಲ್ಲಿ ಮುಚ್ಚಿಕೊಂಡು 300, 400 ಥೌ ಮಾತ್ರ ಓದಿದೆ. ನನ್ನ ವಾಲ್ವ್ 560 ಥೌ ಮೇಲೆ ಏಳುವುದೇ ಇಲ್ಲ, ಅಲ್ಲಿ ಎಷ್ಟು ಗಾಳಿ ಹೋದರೆ ನನಗೇನು? 28 ಇಂಚು ನೀರಿನ ಒತ್ತಡದಲ್ಲಿ ತೆಗೆದ ಅಂಕಿಯೋ ಬೇರೆಯೋ ಅಂತಲೂ ನೋಡಿ, ಇಲ್ಲದಿದ್ದರೆ ಎರಡು ಹೆಡ್‌ಗಳ ಹೋಲಿಕೆಗೆ ಅರ್ಥವಿಲ್ಲ. ಎಕ್ಸಾಸ್ಟ್ ಪೋರ್ಟಿಗೆ ಇನ್‌ಟೇಕ್‌ಗಿಂತ ಹೆಚ್ಚು ಗಮನ ಕೊಟ್ಟೆ. ನೀರಿನ ಜಾಕೆಟ್ ಇರುವ ಮ್ಯಾನಿಫೋಲ್ಡ್ ಮೊದಲೇ ಉಸಿರು ಕಟ್ಟಿಸುತ್ತದೆ, ಹೆಡ್ಡೂ ಸೇರಿಕೊಂಡರೆ ಕತೆ ಮುಗಿಯಿತು.

ಮಧ್ಯದಲ್ಲಿ ಒಂದು ಅಡ್ಡದಾರಿ ಹಿಡಿದೆ. ಗೆಳೆಯನ ಹತ್ತಿರ 781 ಕ್ಯಾಸ್ಟಿಂಗಿನ (ಅಚ್ಚಿನ ಸಂಖ್ಯೆ) ಹಳೆಯ ಓವಲ್ ಹೆಡ್, ಅಂದರೆ ಮೊಟ್ಟೆಯಾಕಾರದ ಚಿಕ್ಕ ಪೋರ್ಟಿನದು, ಇತ್ತು, ಕಬ್ಬಿಣದ್ದು. ಪಾಕೆಟ್ (ವಾಲ್ವ್ ಕೆಳಗಿನ ಗುಂಡಿ) ಉಜ್ಜಿ, 2.19 ಇನ್‌ಟೇಕ್ ವಾಲ್ವ್ ಕೂರಿಸಿ, ಗಟ್ಟಿ ಸೀಟ್, ಹೊಸ ಗೈಡ್ (ವಾಲ್ವಿನ ಕಾಂಡ ಜಾರುವ ಕೊಳವೆ), ಸ್ಪ್ರಿಂಗ್ ಎಲ್ಲ ಹಾಕಿ ಅವನ ಬೋಟಿಗೆ ಕಟ್ಟಿದೆವು. ಚೆನ್ನಾಗೇ ಎಳೆಯಿತು. ಆದರೆ ಮೆಷಿನ್ ಶಾಪಿನ ಬಿಲ್ ಕೂಡಿಸಿದಾಗ ಹೊಸ ಅಲ್ಯೂಮಿನಿಯಂ ಜೊತೆಯ ಮುಕ್ಕಾಲು ಬೆಲೆ ತಲುಪಿತ್ತು. ಹೆಡ್ ಪುಕ್ಕಟೆ ಸಿಕ್ಕಿತು ಅಂತ ಖುಷಿಪಡುವವರು ಈ ಲೆಕ್ಕ ಮೊದಲೇ ಮಾಡಲಿ.

ಕೊನೆಗೆ ಅಲ್ಯೂಮಿನಿಯಂ ಓವಲ್ ಪೋರ್ಟ್ ಕೊಂಡೆ. ಬ್ರ್ಯಾಂಡ್ ಹೇಳುವುದಿಲ್ಲ, ಹೇಳಿದರೆ ಜಗಳ ಅದರ ಮೇಲೇ ನಡೆಯುತ್ತದೆ. 265ರಿಂದ 290 ಸಿಸಿ ನಡುವಿನದು ಅಂದುಕೊಳ್ಳಿ. ಚೇಂಬರ್ 110 ಸಿಸಿ ಎಂದಿತ್ತು. ಗಾಜಿನಂಥ ಪ್ಲಾಸ್ಟಿಕ್ ಹಲಗೆ ಮುಚ್ಚಿ ಬ್ಯೂರೆಟ್‌ನಲ್ಲಿ ಅಳೆದರೆ 113 ಬಂತು. ಅಂದರೆ 9.6 ಆಗಬೇಕಿದ್ದ ಕಂಪ್ರೆಶನ್ ಅನುಪಾತ 9.4ಕ್ಕೆ ಇಳಿಯಿತು. ನನಗೆ ಒಳ್ಳೆಯದೇ ಆಯಿತು. ಬೋಟಿನ ಎಂಜಿನ್ ಇಡೀ ದಿನ ಗುಡ್ಡ ಹತ್ತುವ ಲಾರಿ ಇದ್ದಂತೆ, ನಾಕ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಶುರುವಾದರೂ ಎಂಜಿನ್ ಸದ್ದಿನಲ್ಲಿ ಕಿವಿಗೆ ಬೀಳುವುದಿಲ್ಲ. ಕಬ್ಬಿಣದ ಹೆಡ್‌ನಲ್ಲಿ 9ಕ್ಕೇ ಪ್ಲಗ್ ಮೇಲೆ ಪಿಸ್ಟನ್‌ನಿಂದ ಹಾರಿದ ಅಲ್ಯೂಮಿನಿಯಂ ಚುಕ್ಕೆ ಕಂಡಿದ್ದೆ. ಇದರಲ್ಲಿ 9.4, ಕಿಡಿಯ ಒಟ್ಟು ಟೈಮಿಂಗ್ 33 ಡಿಗ್ರಿ, ಪ್ಲಗ್ ಸ್ವಚ್ಛ. ಡೋಮ್ ಚೇಂಬರ್‌ಗೆ ತಗಲುತ್ತದೋ ಅಂತ ಜೇಡಿ ಅಂಟಿಸಿ ತಿರುಗಿಸಿ ನೋಡಿದ ಮೇಲೆಯೇ ಕಟ್ಟಿದ್ದು. ಓಪನ್ (ಅಗಲ) ಚೇಂಬರಿನ ಡೋಮ್ ಕ್ಲೋಸ್ಡ್ (ಇಕ್ಕಟ್ಟಾದ) ಚೇಂಬರ್‌ನಲ್ಲಿ ಕೂರುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಮರೆಯುವ ಮಾತು.

ಎಕ್ಸಾಸ್ಟ್ ವಾಲ್ವ್ ಮಾತ್ರ ಹೆಡ್ ಜೊತೆ ಬಂದದ್ದನ್ನು ಬಿಚ್ಚಿ ಇನ್‌ಕೊನೆಲ್ (ಶಾಖ ತಡೆಯುವ ನಿಕ್ಕಲ್ ಮಿಶ್ರಲೋಹ) ಹಾಕಿಸಿದೆ. ಅರ್ಧ ಗಂಟೆ ಪೂರ್ತಿ ಥ್ರಾಟಲ್‌ನಲ್ಲಿ ಓಡುವ ಜಾಗದಲ್ಲಿ ಸಾಮಾನ್ಯ ಸ್ಟೀಲ್ ವಾಲ್ವಿನ ತಲೆ ಕಳಚಿ ಬಿದ್ದರೆ ಪಿಸ್ಟನ್, ಹೆಡ್, ಬೋರ್ ಮೂರೂ ಹೋಗುತ್ತವೆ. ಗೈಡ್ ಕ್ಲಿಯರೆನ್ಸ್ ಕಂಪನಿ ಹೇಳಿದ್ದಕ್ಕಿಂತ ತುಸು ಸಡಿಲ ಇಡಿಸಿದೆ. ಎಷ್ಟು ಅಂತ ಕೇಳಬೇಡಿ, ಅದಕ್ಕೆ ಒಂದು ಜೊತೆ ಗೈಡ್ ಸುಟ್ಟುಕೊಂಡು ಕಲಿತಿದ್ದೇನೆ. ಸೀಟಿನ ಕೆಳಗಿನ ಕಟ್ ಕೋನವೂ ನನ್ನ ಹತ್ತಿರವೇ ಇರಲಿ.

ದುಡ್ಡು ಎಲ್ಲಿ ಸೋರಿತು ಕೇಳಿ. ಅಲ್ಯೂಮಿನಿಯಂ ಉಪ್ಪುನೀರಿಗೆ ಸಿಕ್ಕರೆ ಉಳಿಯುವುದಿಲ್ಲ, ಆದ್ದರಿಂದ ಹೀಟ್ ಎಕ್ಸ್‌ಚೇಂಜರ್ ಇರುವ ಮುಚ್ಚಿದ ಕೂಲಿಂಗ್ ಹಾಕಲೇಬೇಕಾಯಿತು. ಅದೇ ಹೆಡ್ ಬೆಲೆಯ ಮೂರರಲ್ಲೊಂದು ಪಾಲು ತಿಂದಿತು. ಪುಶ್‌ರಾಡ್ (ಕ್ಯಾಮ್ ಕಡೆಯಿಂದ ವಾಲ್ವ್ ಒತ್ತುವ ರಾಕರ್ ಅನ್ನು ತಳ್ಳುವ ಕಡ್ಡಿ) ಎರಡು ಸಲ ಕೊಂಡೆ, ಮೊದಲ ಸಲ ಅಳೆಯದೆ. ಇನ್‌ಟೇಕ್‌ಗಿಂತ ಎಕ್ಸಾಸ್ಟಿನದು ಸುಮಾರು ಒಂದು ಇಂಚು ಉದ್ದ ಅನ್ನುವುದು ಗೊತ್ತಿತ್ತು, ಆದರೆ ಹೊಸ ಹೆಡ್‌ನಲ್ಲಿ ರಾಕರ್ ಕೂರುವ ಎತ್ತರವೇ ಬೇರೆ. ಎಕ್ಸಾಸ್ಟ್ ಪೋರ್ಟ್ ಮೇಲಕ್ಕೆ ಎತ್ತಿದ್ದರಿಂದ ಒಂದು ಬದಿಯ ರೈಸರ್ ಎಂಜಿನ್ ಹ್ಯಾಚ್‌ಗೆ ಬಡಿಯಿತು, ಹ್ಯಾಚಿನ ಒಳಗಡೆ ಕೊರೆಸಬೇಕಾಯಿತು. ಹೆಡ್ ಬೋಲ್ಟ್ ತೂತುಗಳು ನೀರಿನ ಜಾಕೆಟ್‌ಗೆ ತೆರೆದಿರುತ್ತವೆ ಅನ್ನುವುದನ್ನು ಮರೆತು ಎರಡು ಬೋಲ್ಟಿಗೆ ಸೀಲರ್ ಹಚ್ಚದೆ ಬಿಗಿದು, ಮತ್ತೆ ಬಿಚ್ಚಿದ್ದೂ ಇದೆ. ಜೆನ್ ಫೈವ್, ಜೆನ್ ಸಿಕ್ಸ್ (ಮಾರ್ಕ್ ಫೋರ್ ನಂತರದ ತಲೆಮಾರುಗಳು) ಬ್ಲಾಕ್ ಇರುವವರು ಮಾರ್ಕ್ ಫೋರ್ ಹೆಡ್ ತರುವ ಮುಂಚೆ ಗ್ಯಾಸ್ಕೆಟ್ ಇಟ್ಟು ನೀರಿನ ತೂತುಗಳನ್ನು ನೋಡಿಕೊಳ್ಳಿ, ಲಿಫ್ಟರ್ ವ್ಯಾಲಿಗೆ (ಎಂಜಿನ್ ನಡುವೆ ಆಯಿಲ್ ಹರಿಯುವ ತಗ್ಗು) ನೀರು ಸೋರಿದರೆ ಆಯಿಲ್ ಹಾಲಿನಂತಾಗುತ್ತದೆ.

ಕ್ಯಾಮ್ ಚಿಕ್ಕದು ಮಾಡಿದೆ: ಇನ್‌ಟೇಕ್ 224, ಎಕ್ಸಾಸ್ಟ್ 232 ಡಿಗ್ರಿ, ಸೆಪರೇಶನ್ 114. ಮೊದಲ ದಿನವೇ 21 ಪಿಚ್ ಸಾಲದಾಯಿತು, ಎಂಜಿನ್ 5300ರವರೆಗೆ ಓಡಿತು. 23 ಪಿಚ್ ಹಾಕಿದ ಮೇಲೆ 4900, ಜಿಪಿಎಸ್‌ನಲ್ಲಿ 62 ಮೈಲಿ. ಪ್ಲೇನಿಂಗ್‌ಗೆ ಆರು ಸೆಕೆಂಡ್‌ಗೂ ಕಡಿಮೆ. ಅದೂ ದೊಡ್ಡ ಪಿಚ್‌ನಲ್ಲಿ! 3500ರ ಕ್ರೂಸ್‌ನಲ್ಲಿ ಇಂಧನ ಹತ್ತಕ್ಕೆ ಒಂದರಷ್ಟು ಉಳಿಯುತ್ತಿದೆ. ಹಿಂಭಾಗದಿಂದ ಮೂವತ್ತು ಕಿಲೋ ಇಳಿದದ್ದೂ ಇದಕ್ಕೆ ಸಹಾಯ ಮಾಡಿರಬೇಕು. ಪಕ್ಕದಲ್ಲೇ ಓಡಿಸಿದ ರೆಕ್ಟ್ಯಾಂಗಲ್ ಪೋರ್ಟಿನ 454 ಒಂದಕ್ಕೆ ನನ್ನ ಹಿಂದಿನ ನೊರೆ ಬಿಟ್ಟು ಬೇರೇನೂ ಕಾಣಲಿಲ್ಲ. ಅದರ ಮಾಲೀಕ ಹಳೆಯ ದಿನಗಳಲ್ಲಿ ಜೋರಾಗಿ ನಗುತ್ತಿದ್ದವನು.

502 ಅಥವಾ ಅದಕ್ಕಿಂತ ದೊಡ್ಡದಾದರೆ ಇದೇ ಸಿಸಿ ಹಾಕಿ ಅಂತ ನಾನು ಹೇಳುತ್ತಿಲ್ಲ. 4.466 ಇಂಚಿನ ಬೋರ್‌ಗೆ 300 ದಾಟಿದ ಪೋರ್ಟ್ ಒಪ್ಪಬಹುದು, 5500 ತಿರುಗಿಸುವವರಿಗಂತೂ ಬೇಕೇ ಬೇಕು.

ಸುಮಾರು 160 ಗಂಟೆ ಓಡಿದ ಮೇಲೆ ಮೊನ್ನೆ ರೈಸರ್ ಬಿಚ್ಚಿ ಮತ್ತೆ ಸೀಮೆಸುಣ್ಣ ಬಳಿದೆ. ಅರ್ಧ ಗಂಟೆ ಐಡಲ್. ಬಳಿದ ಸುಣ್ಣ ಬಳಿದಂತೆಯೇ ಇತ್ತು, ಬೆರಳಿಗೆ ಒಣ ಪುಡಿ ಹತ್ತಿತು.