ಹಿಟ್ಟೋ ಎರರ್ರೋ: ಆಯೋವಾದ ಕಾಲೇಜು ಬೇಸ್‌ಬಾಲ್ ತಂಡಕ್ಕೆ ಸ್ಕೋರ್ ಬರೆದ ಸೀಸನ್

ಕ್ರಿಕೆಟ್ ಸ್ಕೋರರ್‌ಗೆ ಸ್ವಂತ ಅಭಿಪ್ರಾಯ ಬೇಕಿಲ್ಲ. ಅಂಪೈರ್ ಅಂಗೈ ಮೇಲೆತ್ತಿದರೆ ಬೈ, ಮೊಣಕಾಲು ಮುಟ್ಟಿದರೆ ಲೆಗ್ ಬೈ. ನಾವೂ ಕೈ ಎತ್ತಿ ನೋಡಿದ್ದೇವೆ ಅಂತ ತೋರಿಸಿ ಬರೆದುಕೊಂಡರೆ ಮುಗೀತು. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ನಾನು ಕಲಿತದ್ದು ಇಷ್ಟೇ. ಅಲ್ಲಿ ಯಾರಾದರೂ ಕೈಗೆ ಬಂದ ಕ್ಯಾಚ್ ಬಿಟ್ಟರೆ ಬೌಲರ್ ಬೈಯುತ್ತಿದ್ದ, ಪುಸ್ತಕದಲ್ಲಿ ಮಾತ್ರ ಒಂದು ಚುಕ್ಕೆ ಬೀಳುತ್ತಿತ್ತು. ಬಿಟ್ಟವನ ಹೆಸರು ಎಲ್ಲೂ ಇಲ್ಲ.

ಬೇಸ್‌ಬಾಲ್‌ನಲ್ಲಿ ಬಿಟ್ಟವನ ನಂಬರ್ ಬರೆಯಬೇಕು. ಬರೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವವನು ಅಂಪೈರ್ ಅಲ್ಲ, ಮೇಲೆ ಪ್ರೆಸ್ ಬಾಕ್ಸ್‌ನಲ್ಲಿ ಕೂತ ಸ್ಕೋರರ್.

ಅಮೆರಿಕದ ಆಯೋವಾ ರಾಜ್ಯದ ಸಣ್ಣ ಕಾಲೇಜೊಂದರ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ನನಗೆ ಕ್ರಿಕೆಟ್ ಸ್ಕೋರಿಂಗ್ ಬರುತ್ತದೆ ಅಂತ ಗೊತ್ತಾಗಿ ಕ್ರೀಡಾ ವಿಭಾಗದವರು ಕಾಲೇಜಿನ ಬೇಸ್‌ಬಾಲ್ ತಂಡ ಊರಿನಲ್ಲಿ ಆಡುವ ಪಂದ್ಯಗಳಿಗೆಲ್ಲ ಸ್ಕೋರ್ ಬರೆಯಲು ಕರೆದರು. ನಮ್ಮದು ಡಿವಿಷನ್ 3 ತಂಡ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಯ ಮೂರನೇ ದರ್ಜೆ. ಇಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಸೀಸನ್‌ಗೆ ಹೆಚ್ಚೆಂದರೆ 40 ಪಂದ್ಯ. ಮಾರ್ಚ್‌ನಲ್ಲಿ ನಮ್ಮ ಮೈದಾನದ ಮೇಲೆ ಹಿಮ ಇರುವುದರಿಂದ ತಂಡ ಫ್ಲಾರಿಡಾಕ್ಕೆ ಹೋಗಿ ಆಡಿ ಬರುತ್ತದೆ. ಏಪ್ರಿಲ್ ಬಂತೆಂದರೆ ಒಂದೇ ದಿನ ಎರಡೆರಡು ಪಂದ್ಯ. ಮಳೆ ಬಂದರೆ ಅದೂ ಹಿಂದೆ ಮುಂದೆ ಆಗುತ್ತದೆ.

ಗುರುತುಗಳು ಬೇಗ ಕೈಗೆ ಹತ್ತಿದವು. ಪಿಚರ್ ಅಂದರೆ ಚೆಂಡು ಎಸೆಯುವವನು 1, ಅದನ್ನು ಹಿಡಿಯುವ ಕ್ಯಾಚರ್ 2, ಹೀಗೆ ರೈಟ್ ಫೀಲ್ಡರ್‌ವರೆಗೆ 9. ಎರಡನೇ, ಮೂರನೇ ಬೇಸ್‌ಗಳ (ಓಡುವವನು ಮುಟ್ಟಬೇಕಾದ ಜಾಗಗಳ) ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನಿಂದ ಸೆಕೆಂಡ್ ಬೇಸ್‌ಮನ್‌ಗೆ, ಅಲ್ಲಿಂದ ಫಸ್ಟ್ ಬೇಸ್‌ಗೆ ಚೆಂಡು ಹೋಗಿ ಇಬ್ಬರು ಔಟಾದರೆ 6-4-3. ಮೂರನೇ ಸ್ಟ್ರೈಕ್‌ಗೆ ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದವನಿಗೆ ತಿರುಗಿಸಿ ಬರೆದ ಇಂಗ್ಲಿಷ್ ಕೆ (K) ಅಕ್ಷರ. ಬಾಕ್ಸ್ ಸ್ಕೋರ್ (ಇಡೀ ಪಂದ್ಯದ ಅಂಕಿಪಟ್ಟಿ) ಅನ್ನುವುದನ್ನು ರೂಪಿಸಿದ ಹೆನ್ರಿ ಚಾಡ್ವಿಕ್ ಕೂಡ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಕ್ರಿಕೆಟ್ ವರದಿ ಮಾಡುತ್ತಿದ್ದವನು. ನಮ್ಮ ಕಡೆಯವನೇ ಬಿಡಿ ಅಂತ ನನಗೊಂದು ಧೈರ್ಯ.

ಕಷ್ಟ ಶುರುವಾಗುವುದು ಹಿಟ್ಟೋ ಎರರ್ರೋ ಅನ್ನುವಲ್ಲಿ. ಚೆಂಡು ಹೊಡೆದವನು ಔಟಾಗದೆ ಬೇಸ್ ಮುಟ್ಟಿದ ಅನ್ನಿ. ಆ ಜಾಗದ ಫೀಲ್ಡರ್ ಮಾಮೂಲಿ ಪ್ರಯತ್ನದಲ್ಲಿ ಔಟ್ ಮಾಡಬಹುದಾಗಿತ್ತಾ? ಹೌದಾದರೆ ಎರರ್, ಅಂದರೆ ಫೀಲ್ಡರ್ ತಪ್ಪು. ಇಲ್ಲವಾದರೆ ಹಿಟ್, ಅಂದರೆ ಹೊಡೆದವನ ಗಳಿಕೆ. ನಿಯಮ ಓದಲು ಸುಲಭ. ಆದರೆ ಏಪ್ರಿಲ್‌ನ ಚಳಿಗಾಳಿಯಲ್ಲಿ, ಒದ್ದೆ ಹುಲ್ಲಿನ ಮೇಲೆ ಜಾರಿ ಬರುವ ಚೆಂಡಿಗೆ ಮಾಮೂಲಿ ಅಂದರೆ ಏನು? ಅದಕ್ಕೇ ನಾನು ಪಂದ್ಯಕ್ಕೆ ಮುಂಚೆ ಎರಡೂ ತಂಡಗಳ ಇನ್‌ಫೀಲ್ಡ್ ಅಭ್ಯಾಸ ತಪ್ಪದೆ ನೋಡುತ್ತಿದ್ದೆ. ಆ ದಿನ ನೆಲದಲ್ಲಿ ಚೆಂಡು ಹೇಗೆ ಪುಟಿಯುತ್ತಿದೆ, ಥರ್ಡ್ ಬೇಸ್ ಹತ್ತಿರದ ಮಣ್ಣು ಎಷ್ಟು ಗಟ್ಟಿಯಿದೆ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಒಂದು ತೀರ್ಮಾನದ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಇಬ್ಬರು ಔಟ್, ಮೂರನೆಯವನು ಔಟಾದರೆ ಇನ್ನಿಂಗ್ಸ್ ಮುಗಿಯುತ್ತದೆ. ಶಾರ್ಟ್‌ಸ್ಟಾಪ್ ಕಡೆ ನೆಲದ ಚೆಂಡು, ಅವನ ಗ್ಲೌಸ್‌ಗೆ ತಾಗಿ ಪಕ್ಕಕ್ಕೆ ಹೋಯಿತು, ಹೊಡೆದವನು ಬೇಸ್ ಮುಟ್ಟಿದ. ಮುಂದಿನವನಿಗೆ ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್. ಅದರ ಮುಂದಿನವನು ಹೋಮ್ ರನ್ ಹೊಡೆದ. ಬೇಸ್ ಮೇಲಿದ್ದ ಇಬ್ಬರೂ ಅವನೂ ಸೇರಿ ಮೂರು ರನ್. ಆ ನೆಲದ ಚೆಂಡನ್ನು ನಾನು ಎರರ್ ಅಂದಿದ್ದರೆ, ಇನ್ನಿಂಗ್ಸ್ ಅಲ್ಲಿಗೇ ಮುಗಿಯಬೇಕಿತ್ತು ಅಂತ ಲೆಕ್ಕ. ಪಿಚರ್ ತಲೆ ಮೇಲೆ ಒಂದು ಅರ್ನ್ಡ್ ರನ್ನೂ (ಪಿಚರ್‌ನದೇ ಹೊಣೆ ಅಂತ ಲೆಕ್ಕಕ್ಕೆ ಹಿಡಿಯುವ ರನ್) ಬರುವುದಿಲ್ಲ. ಹಿಟ್ ಅಂದರೆ ಮೂರೂ ಅವನದೇ. ಅವನು ಆವರೆಗೆ 20 ಇನ್ನಿಂಗ್ಸ್ ಹಾಕಿ 5 ಅರ್ನ್ಡ್ ರನ್ ಕೊಟ್ಟಿದ್ದಾನೆ ಅಂದುಕೊಳ್ಳಿ, ಆ ಮೂರನ್ನು ಬಿಟ್ಟು. ಒಂಬತ್ತು ಇನ್ನಿಂಗ್ಸ್‌ಗೆ ಅವನ ಸರಾಸರಿ 2.25. ಆ ಮೂರು ಸೇರಿದರೆ 3.60. ಮಧ್ಯೆ ಇರುವುದು ನನ್ನ ಪೆನ್ಸಿಲ್ಲು ಅಷ್ಟೇ.

ನಮ್ಮ ಸ್ಕೋರ್ ಬೋರ್ಡಿನಲ್ಲಿ ತೀರ್ಮಾನಕ್ಕೇ ಎರಡು ಪುಟ್ಟ ದೀಪ ಇವೆ, ಹಿಟ್‌ಗೊಂದು, ಎರರ್‌ಗೊಂದು. ಸಂಶಯದ ಚೆಂಡು ಬಿದ್ದ ಕೂಡಲೇ ಎಲ್ಲರೂ ಬೋರ್ಡ್ ನೋಡುತ್ತಾರೆ, ಆಮೇಲೆ ತಿರುಗಿ ನಮ್ಮ ಕಿಟಕಿ ನೋಡುತ್ತಾರೆ. ಬ್ಯಾಟ್ಸ್‌ಮನ್‌ನ ಅಪ್ಪನಿಗೆ ಹಿಟ್ ಬೇಕು. ಪಿಚರ್‌ನ ಅಮ್ಮನಿಗೆ ಎರರ್ ಬೇಕು. ಶಾರ್ಟ್‌ಸ್ಟಾಪ್‌ನ ಮನೆಯವರು ಪಿಚರ್ ಮನೆಯವರ ಪಕ್ಕದಲ್ಲೇ, ಒಂದೇ ಕಂಬಳಿ ಹೊದ್ದು ಕೂತಿರುತ್ತಾರೆ. ಅವರಿಗೂ ಹಿಟ್ಟೇ ಬೇಕು! ಒಂದೇ ತಂಡ, ಒಂದೇ ಚೆಂಡು. ಹಾಗಾಗಿ ಪಿಚ್ ಮಾಡುತ್ತಿರುವವನು ಯಾರು, ಸ್ಕೋರ್ ಎಷ್ಟು ಅನ್ನುವುದು ತಲೆಗೆ ಬರುವ ಮೊದಲೇ ಬರೆದುಬಿಡುವುದನ್ನು ರೂಢಿ ಮಾಡಿಕೊಂಡೆ. ಆಮೇಲೆ ಸಂಶಯ ಉಳಿದರೆ ಪಂದ್ಯ ಮುಗಿದ ಮೇಲೆ ವಿಡಿಯೋ ಇದೆ. ನಮ್ಮ ಕೋಚ್ ಕೂಡ ಕೆಲವು ಸಲ ಬಂದು, "ಆ ನಾಲ್ಕನೇ ಇನ್ನಿಂಗ್ಸ್‌ದು ಒಮ್ಮೆ ನೋಡ್ತೀರಾ?" ಅಂತ ಕೇಳುತ್ತಿದ್ದರು. ನೋಡುತ್ತಿದ್ದೆ. ಬದಲಾಯಿಸಿದ್ದು ಕಮ್ಮಿ.

ಪಂದ್ಯ ಮುಗಿದ ಮೇಲಿನ ತಾಳೆ ನೋಡುವ ಕೆಲಸ ಮಾತ್ರ ನನಗೆ ತುಂಬಾ ಇಷ್ಟ. ಒಂದು ತಂಡದ ಅಟ್ ಬ್ಯಾಟ್ (ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿ), ವಾಕ್, ಮೈಗೆ ಚೆಂಡು ಬಿದ್ದು ಬೇಸ್‌ಗೆ ಹೋದವರು, ಸ್ಯಾಕ್ರಿಫೈಸ್ (ತಾನು ಔಟಾಗಿ ಬೇಸ್ ಮೇಲಿನವನನ್ನು ಮುಂದೆ ಕಳಿಸುವುದು), ಇಷ್ಟನ್ನೂ ಕೂಡಿಸಬೇಕು. ಆ ಕಡೆ ಅವರ ರನ್, ಬೇಸ್ ಮೇಲೆ ಉಳಿದವರು, ಎದುರಾಳಿ ಮಾಡಿದ ಔಟ್‌ಗಳನ್ನು ಕೂಡಿಸಬೇಕು. 33, 4, 1, 1 ಸೇರಿ 39. ಆ ಕಡೆ 6, 9, 24 ಸೇರಿ 39. ಬಂದ ಪ್ರತಿಯೊಬ್ಬನೂ ಒಂದೋ ರನ್ ಮಾಡಿದ, ಇಲ್ಲ ಔಟಾದ, ಇಲ್ಲ ಉಳಿದ, ನಾಲ್ಕನೆಯ ದಾರಿ ಇಲ್ಲ. ಲ್ಯಾಪ್‌ಟಾಪ್ ಇದನ್ನು ಕ್ಷಣದಲ್ಲಿ ಹೇಳುತ್ತದೆ, ಆದರೂ ನಾನು ಕಾಗದದಲ್ಲೇ ಮಾಡುತ್ತೇನೆ.

ತಂಡದ ಸೀಸನ್ ಅಷ್ಟಕ್ಕಷ್ಟೇ. 2019ರಿಂದ ಕೆಲವು ವರ್ಷ ಡಿವಿಷನ್ 3 ವರ್ಲ್ಡ್ ಸೀರೀಸ್ (ಆ ದರ್ಜೆಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಟೂರ್ನಿ) ನಮ್ಮ ಆಯೋವಾದ ಸೀಡರ್ ರಾಪಿಡ್ಸ್‌ನಲ್ಲೇ ನಡೆಯುತ್ತಿತ್ತು. ಹುಡುಗರಿಗೆ ಅದರ ಮೇಲೆ ಕಣ್ಣು. ಆದರೆ ಮೇ ತಿಂಗಳಲ್ಲಿ, ನಮ್ಮದೇ ಮೈದಾನದಲ್ಲಿ ನಡೆದ ಕಾನ್ಫರೆನ್ಸ್ (ನಮ್ಮ ಕಾಲೇಜುಗಳ ಗುಂಪು) ಟೂರ್ನಿಯಲ್ಲೇ ಹೊರಬಿದ್ದೆವು. ಸಂಜೆ ಹೊತ್ತು. ಎತ್ತರಕ್ಕೆ ಹೋದ ಚೆಂಡು ರೈಟ್ ಫೀಲ್ಡರ್‌ಗೆ ಬಿಸಿಲಲ್ಲಿ ಕಾಣಲಿಲ್ಲ. ಗ್ಲೌಸ್ ಮುಖಕ್ಕೆ ಅಡ್ಡ ಹಿಡಿದು ನಿಂತ. ಚೆಂಡು ಅವನ ಹಿಂದೆ ಬಿತ್ತು, ಇಬ್ಬರು ಓಡಿ ಬಂದರು. ಹೀಗೆ ಸೂರ್ಯನಿಂದ ಕಳೆದುಹೋದ ಚೆಂಡು, ಫೀಲ್ಡರ್ ಮುಟ್ಟಿಲ್ಲದಿದ್ದರೆ, ಹಿಟ್ ಅಂತಲೇ ಬರೆಯುವುದು ವಾಡಿಕೆ. ಹಿಟ್ ಅಂತಲೇ ಬರೆದೆ. ಎರಡೂ ರನ್ ಪಿಚರ್ ಖಾತೆಗೆ ಹೋದವು. ಅದು ಕೊನೆ ವರ್ಷದ ಹುಡುಗ, ಇನ್ನೊಂದು ಪಂದ್ಯದಲ್ಲಿ ಸರಿಮಾಡಿಕೊಳ್ಳೋಣ ಅನ್ನುವ ಹಾಗಿರಲಿಲ್ಲ. ಫೀಲ್ಡರ್ ತಪ್ಪೂ ಅಲ್ಲ, ಪಿಚರ್ ತಪ್ಪೂ ಅಲ್ಲ ಅಂದಾಗ ಪಿಚರ್ ಒಬ್ಬನೇ ಯಾಕೆ ಹೊರಬೇಕು ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಮುಂದಿನ ವರ್ಷ ಅಂಥ ಚೆಂಡು ಬಿದ್ದರೂ ಹಿಟ್ ಅಂತಲೇ ಬರೆಯುತ್ತೇನೆ, ಗೊಣಗುತ್ತಾ.