ಮೂಲ ಇಸಿಯು ಉಳಿಸಿಕೊಂಡೇ ಟರ್ಬೋ ರೋಟರಿ ಕಾರಿನ ಮಾರ್ಪಾಡು: ಎಲ್ಲಿ ಕೈ ಹಾಕಬೇಕು, ಎಲ್ಲಿ ನಿಲ್ಲಿಸಬೇಕು

ಶಿವಮೊಗ್ಗದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಅಡಿಕೆ ಮೂಟೆಗಳ ಪಕ್ಕದಲ್ಲಿ, ಗೆಳೆಯರೊಬ್ಬರ ಮಜ್ದಾ ಆರ್‌ಎಕ್ಸ್-7 ಕಾರು ನಾಲ್ಕು ಮಳೆಗಾಲಗಳನ್ನು ಕಳೆದಿದೆ. 1991ರಿಂದ 2002ರವರೆಗೆ ತಯಾರಾದ, ಎಫ್‌ಡಿ ಎಂದು ಕರೆಯಲಾಗುವ ಮೂರನೆಯ ಪೀಳಿಗೆಯ ಮಾದರಿ ಅದು. ಪಿಸ್ಟನ್ನುಗಳ ಬದಲು ತಿರುಗುವ, 654 ಸಿಸಿಯ ಎರಡು ರೋಟರ್‌ಗಳು ಸೇರಿ 1308 ಸಿಸಿ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಲು ಒಂದಾದ ಮೇಲೊಂದು ಕೆಲಸಕ್ಕಿಳಿಯುವ ಎರಡು ಟರ್ಬೋಗಳು. ಇಂಥ ಕಾರನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಶಕ್ತಿ ಹೆಚ್ಚಿಸಬಹುದು ಎಂದು. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವನ್ನು ಬದಲಿಸದೆ ಉಳಿಸಿಕೊಳ್ಳುವವರು ಅದಕ್ಕಿಂತ ಮೊದಲು ಆ ಇಸಿಯುವಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕು.

ಈ ಇಸಿಯು ಒಳಬರುವ ಗಾಳಿಯ ಪ್ರಮಾಣವನ್ನು ನೇರವಾಗಿ ಅಳೆಯುವುದಿಲ್ಲ. ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಒತ್ತಡ, ಎಂಜಿನ್ನಿನ ವೇಗ, ಗಾಳಿಯ ಉಷ್ಣತೆ ಇವುಗಳನ್ನು ನೋಡಿ, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದ ಪ್ರಕಾರ ಪೆಟ್ರೋಲು ಹಾಕುತ್ತದೆ. ಆಮ್ಲಜನಕ ಸೆನ್ಸರಿನ ಸೂಚನೆಯನ್ನು ಅದು ಪಾಲಿಸುವುದು ಹಗುರವಾದ ಓಟದಲ್ಲಿ ಮಾತ್ರ. ಬೂಸ್ಟ್, ಅಂದರೆ ಟರ್ಬೋ ಒದಗಿಸುವ ಗಾಳಿಯ ಒತ್ತಡ, ಏರಿದ ಮೇಲೆ ಕೋಷ್ಟಕವೇ ಅದಕ್ಕೆ ಪ್ರಮಾಣ. ಸೈಲೆನ್ಸರಿನ ದಾರಿಯನ್ನು ಸಡಿಲಗೊಳಿಸಿದಾಗ ಅದೇ 10 ಪಿಎಸ್‌ಐ ಒತ್ತಡದಲ್ಲಿ ಮೊದಲಿಗಿಂತ ಹೆಚ್ಚು ಗಾಳಿ ಎಂಜಿನ್ನಿನ ಮೂಲಕ ಹಾದುಹೋಗುತ್ತದೆ, ಆದರೆ ಪೆಟ್ರೋಲು ಹಳೆಯ ಲೆಕ್ಕದಲ್ಲೇ ಬರುತ್ತದೆ. ಗಾಳಿಗೆ ಪೆಟ್ರೋಲು ಸಾಲದೆ ಮಿಶ್ರಣ ತೆಳುವಾಗಿ, ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ನಾಕಿಂಗ್ ಆರಂಭವಾದರೆ, ಪಿಸ್ಟನ್ ಎಂಜಿನ್ ಸ್ವಲ್ಪ ಕಾಲ ತಡೆದುಕೊಳ್ಳಬಹುದಾದ ಪೆಟ್ಟನ್ನು ರೋಟರಿ ತಡೆದುಕೊಳ್ಳುವುದಿಲ್ಲ. ತ್ರಿಕೋನಾಕಾರದ ರೋಟರಿನ ಮೂರು ತುದಿಗಳಲ್ಲಿರುವ ಅಪೆಕ್ಸ್ ಸೀಲುಗಳ ಪೈಕಿ ಒಂದು ಮುರಿದರೂ ಎಂಜಿನ್ ಇಳಿಸಿ ಬಿಚ್ಚುವುದು ಅನಿವಾರ್ಯವಾಗುತ್ತದೆ.

ಆದ್ದರಿಂದ ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲು ಎಂಜಿನ್ನಿನ ಆರೋಗ್ಯವನ್ನು ತಿಳಿಯಬೇಕು. ಸಾಮಾನ್ಯ ಕಂಪ್ರೆಷನ್ ಗೇಜು ಒಂದು ರೋಟರಿನ ಮೂರು ಮುಖಗಳಲ್ಲಿ ಅತಿ ಹೆಚ್ಚಿನ ಒತ್ತಡವನ್ನು ಮಾತ್ರ ತೋರಿಸುತ್ತದೆ, ದುರ್ಬಲವಾದ ಮುಖ ಅದರ ಹಿಂದೆ ಅಡಗಿಬಿಡುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ತೋರಿಸುವ ರೋಟರಿ ಗೇಜು ಸಿಗದಿದ್ದರೆ, ಸಾಮಾನ್ಯ ಗೇಜಿನ ಒತ್ತಡ ಬಿಡುವ ವಾಲ್ವನ್ನು ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ, ಮುಳ್ಳಿನ ಮೂರು ಮಿಡಿತಗಳು ಸಮನಾಗಿವೆಯೇ ಎಂದು ನೋಡಬೇಕು. ಸಮನಾಗಿಲ್ಲದ ಎಂಜಿನ್ನಿಗೆ ಮಾರ್ಪಾಡಿನ ಮಾತೇ ಬೇಡ.

ನಂತರದ ಹಣವೆಲ್ಲ ಕೂಲಿಂಗಿಗೆ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೂಲೆಂಟಿನಿಂದ ಗಾಳಿಯನ್ನು ಬೇರ್ಪಡಿಸುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಈ ಕಾರಿನ ಪ್ರಸಿದ್ಧವಾದ ದುರ್ಬಲ ಜಾಗ. ನಾವು ಬಿಚ್ಚಿದಾಗ ಅದರ ಎರಡು ಹೋಳುಗಳ ಬೆಸುಗೆಯ ಉದ್ದಕ್ಕೂ ಒಣಗಿದ ಕೂಲೆಂಟಿನ ಹಸಿರು ಪುಡಿ ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು. ಅಲ್ಯೂಮಿನಿಯಮ್ ಟ್ಯಾಂಕು ಹಾಕಿಸಿ, ರೇಡಿಯೇಟರಿನ ಹೋಸುಗಳನ್ನೂ ಮುಚ್ಚಳವನ್ನೂ ಬದಲಿಸಬೇಕು. ಡ್ಯಾಶ್‌ಬೋರ್ಡಿನ ಮೂಲ ಉಷ್ಣತಾ ಮುಳ್ಳನ್ನು ನಂಬಬಾರದು. ಅದು ವಿಶಾಲವಾದ ವ್ಯಾಪ್ತಿಯಲ್ಲಿ ನಡುವೆಯೇ ನಿಂತಿದ್ದು, ಮೇಲೇಳುವ ಹೊತ್ತಿಗೆ ತಡವಾಗಿರುತ್ತದೆ. ಡಿಗ್ರಿ ತೋರಿಸುವ ಪ್ರತ್ಯೇಕ ಗೇಜನ್ನು ಕೂಡಿಸಿ, 105 ಡಿಗ್ರಿ ಸಮೀಪಿಸುತ್ತಿದ್ದಂತೆ ಕಾಲು ತೆಗೆಯಬೇಕು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ತಿರುವುಗಳಲ್ಲಿ ಬಸ್ಸೊಂದರ ಹಿಂದೆ ಸಿಕ್ಕಿಕೊಂಡಾಗ ರೇಡಿಯೇಟರಿಗೆ ಗಾಳಿ ಬಡಿಯುವುದಿಲ್ಲ, ಟರ್ಬೋಗಳ ಬಿಸಿ ಬಾನೆಟ್ಟಿನ ಅಡಿಯಲ್ಲೇ ಉಳಿಯುತ್ತದೆ. ಈ ಗೇಜಿನ ಬೆಲೆ ಅರ್ಥವಾಗುವುದು ಅಲ್ಲಿ.

ಪೆಟ್ರೋಲಿನ ಕೊಳವೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಇಂಧನ ರೈಲಿನ ಮೇಲೆ ಒತ್ತಡದ ಏರಿಳಿತ ತಗ್ಗಿಸಲು ಕೂಡಿಸಿದ ಪಲ್ಸೇಶನ್ ಡ್ಯಾಂಪರ್ ಹಳೆಯದಾದಾಗ ಸೋರಿ, ಎಷ್ಟೋ ಎಫ್‌ಡಿ ಕಾರುಗಳು ಹೊತ್ತಿಕೊಂಡಿವೆ. ಅದನ್ನೂ, ಹಳೆಯ ರಬ್ಬರ್ ಹೋಸುಗಳನ್ನೂ, ಫಿಲ್ಟರನ್ನೂ ಬದಲಿಸದೆ ಮುಂದೆ ಹೋಗಕೂಡದು.

ಇನ್ನು ವ್ಯಾಕ್ಯೂಮ್ ಹೋಸುಗಳು. ಎರಡು ಟರ್ಬೋಗಳ ಸರದಿಯನ್ನು ನಿರ್ವಹಿಸುವ ಸೊಲೆನಾಯ್ಡುಗಳಿಗೆ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವುಗಳಿಗೆ) ಹೋಗುವ ಸಣ್ಣ ಕೊಳವೆಗಳು ಮ್ಯಾನಿಫೋಲ್ಡಿನ ಅಡಿಯಲ್ಲಿ ಹೆಣೆದುಕೊಂಡಿರುತ್ತವೆ, ಬಿಸಿಗೆ ಒಣಗಿ ಹಾಳೆಯಂತೆ ಪಟ್ಟನೆ ಸೀಳುತ್ತವೆ. ಸಿಲಿಕೋನ್ ಹೋಸು ಹಾಕುವುದು ಒಳ್ಳೆಯದೇ, ಆದರೆ ಒಂದು ಎಚ್ಚರಿಕೆ ಇದೆ. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೋದ ಪಕ್ಕದಿಂದ ಹೊರಬಿಡುವ ವೇಸ್ಟ್‌ಗೇಟಿಗೆ ಹೋಗುವ ಹೋಸಿನ ಒಳಗೆ ಸಣ್ಣ ರಂಧ್ರವಿರುವ ಗುಳಿಗೆಯಂಥ ಲೋಹದ ತುಣುಕೊಂದು ಕೂತಿರುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ನಾನು ಮೊದಲ ಸಲ ಹಳೆಯ ಹೋಸಿನ ಜೊತೆಗೆ ಅದನ್ನೂ ಕಸದ ಬುಟ್ಟಿಗೆ ಹಾಕಿದೆ, ಬೂಸ್ಟ್ ಹಳೆಯ ಮಟ್ಟಕ್ಕೆ ಏರದಾಯಿತು. ಬೂಸ್ಟ್ ಕಂಟ್ರೋಲರ್ ಕೂಡಿಸಿ ಎಂದು ಸಲಹೆ ಕೊಟ್ಟವರಿದ್ದರು. ಹಾಗೆ ಮಾಡಿದ್ದರೆ ತಪ್ಪಿನ ಮೇಲೆ ತಪ್ಪು ಕಟ್ಟಿದಂತಾಗುತ್ತಿತ್ತು. ಎರಡು ದಿನ ಹುಡುಕಿ, ಬುಟ್ಟಿಯಿಂದ ಹೋಸಿನ ತುಂಡನ್ನು ತೆಗೆದು ಬೆರಳಿನಲ್ಲಿ ಒತ್ತಿದಾಗ ಅಕ್ಕಿಕಾಳಿಗಿಂತ ತುಸು ದಪ್ಪನೆಯ ಗಂಟು ಕೈಗೆ ಸಿಕ್ಕಿತು. ಹೋಸುಗಳನ್ನು ಒಂದೊಂದಾಗಿ ಬದಲಿಸಿ, ತೆಗೆದ ಪ್ರತಿಯೊಂದನ್ನೂ ಹೀಗೆ ಒತ್ತಿ ನೋಡಿಯೇ ಎಸೆಯಬೇಕು. ಕೆಲಸ ಸರಿಯಾಗಿದ್ದರೆ ಬೂಸ್ಟ್ ಗೇಜು ಮೊದಲು 10 ಪಿಎಸ್‌ಐಗೆ ಏರಿ, 4500 ಆರ್‌ಪಿಎಂ ಸುಮಾರಿಗೆ ಎರಡನೆಯ ಟರ್ಬೋ ಸೇರುವಾಗ 8ಕ್ಕೆ ಇಳಿದು, ಮತ್ತೆ 10ಕ್ಕೆ ಮರಳುತ್ತದೆ.

ಇಷ್ಟಾದ ಮೇಲೆ ಗಾಳಿಯ ದಾರಿಯ ವಿಚಾರ. ಹೊಗೆಯನ್ನು ಶುದ್ಧಗೊಳಿಸುವ ಮುಖ್ಯ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟದೆ ಅದರ ಹಿಂದಿನ ಸೈಲೆನ್ಸರ್ ಭಾಗವನ್ನು ಬದಲಿಸುವುದು ಮೂಲ ಇಸಿಯು ಸಹಿಸುವ ಹೆಜ್ಜೆ. ಟರ್ಬೋದ ಕೆಳಗಿನ ಮೊದಲ ಕ್ಯಾಟಲಿಟಿಕ್ ತೆಗೆದು ಅದರ ಜಾಗಕ್ಕೆ ಡೌನ್‌ಪೈಪ್ ಎಂಬ ಬರಿಯ ಕೊಳವೆ ಹಾಕಿದರೆ ಬಾನೆಟ್ಟಿನ ಅಡಿಯ ಬಿಸಿ ತಗ್ಗುತ್ತದೆ ನಿಜ, ಆದರೆ ಸಣ್ಣ ವೇಸ್ಟ್‌ಗೇಟು ಹೊರಹರಿವನ್ನು ನಿಭಾಯಿಸಲಾಗದೆ ಬೂಸ್ಟ್ ತಾನಾಗಿ ಮೇಲೇರಲು ಶುರುವಾಗುತ್ತದೆ. ಡೌನ್‌ಪೈಪ್, ತೆರೆದ ಏರ್ ಫಿಲ್ಟರ್, ಸೈಲೆನ್ಸರ್ ಮೂರನ್ನೂ ಒಟ್ಟಿಗೆ ಹಾಕುವುದು ಮೂಲ ಇಸಿಯುವಿನ ಎಲ್ಲೆಯನ್ನು ದಾಟಿದಂತೆಯೇ. ಬೂಸ್ಟ್ ಮಿತಿ ಮೀರಿದಾಗ ಇಸಿಯು ಪೆಟ್ರೋಲನ್ನು ಕಡಿಯುತ್ತದೆ. ಆ ರಕ್ಷಣೆಯನ್ನು ವಂಚಿಸುವ ಪೆಟ್ಟಿಗೆಗಳನ್ನು ದಯವಿಟ್ಟು ಹಾಕಿಸಬೇಡಿ. ನಮ್ಮಲ್ಲಿ ಕಾನೂನಿನ ಮಾತೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು ಸುಪ್ರೀಂ ಕೋರ್ಟಿನ 2019ರ ತೀರ್ಪು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಹಾಗಾಗಿ ಗೆಳೆಯರ ಕಾರಿನಲ್ಲಿ ಎರಡೂ ಕ್ಯಾಟಲಿಟಿಕ್‌ಗಳನ್ನು ಹಾಗೆಯೇ ಉಳಿಸಿದ್ದೇವೆ.

ಪೆಟ್ರೋಲಿನ ವಿಷಯದಲ್ಲಿ ಇಂದು ಹೊಸ ಅಪಾಯವೊಂದು ಸೇರಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಗಾಳಿ ಮತ್ತು ಇಂಧನದ ಸರಿಯಾದ ಅನುಪಾತ 14.7ರ ಬದಲು ಸುಮಾರು 13.5; ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಬೂಸ್ಟಿನಲ್ಲಿ ಈ ಹಳೆಯ ಇಸಿಯುವಿಗೆ ಅದು ತಿಳಿಯುವುದಿಲ್ಲವಾದ್ದರಿಂದ, ಏನನ್ನೂ ಬದಲಿಸದ ಕಾರಿನಲ್ಲೂ ಮಿಶ್ರಣ ತೆಳುವಾಗುತ್ತದೆ. 95 ಆಕ್ಟೇನಿಗಿಂತ ಕಡಿಮೆಯದನ್ನು ತುಂಬಿಸಲೇಬಾರದು. ಈ ಅನುಪಾತವನ್ನು ತೋರಿಸುವ ವೈಡ್‌ಬ್ಯಾಂಡ್ ಗೇಜು ಕೂಡಿಸಿ, ಅದನ್ನು ಪೆಟ್ರೋಲ್ ಮಾಪಕಕ್ಕೆ ಹೊಂದಿಸಿದ್ದರೆ, ಪೂರ್ಣ ಬೂಸ್ಟಿನಲ್ಲಿ 11.5ಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳಬೇಕು. 12 ದಾಟಿದರೆ ಆ ಕ್ಷಣವೇ ಕಾಲು ತೆಗೆಯಬೇಕು.

ಆಯಿಲ್ ಮತ್ತು ಪ್ಲಗ್ಗುಗಳ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಸೀಲುಗಳ ಜಾರಿಕೆಗಾಗಿ ಈ ಎಂಜಿನ್ ಆಯಿಲನ್ನು ಉದ್ದೇಶಪೂರ್ವಕವಾಗಿಯೇ ಸುಡುತ್ತದೆ. ಬಂಕಿಗೆ ಹೋದಾಗಲೆಲ್ಲ ಡಿಪ್‌ಸ್ಟಿಕ್ ನೋಡಿ, 5000 ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಪ್ರತಿ ರೋಟರಿಗೆ ಎರಡು ಪ್ಲಗ್ಗುಗಳಿದ್ದು, ಕೆಳಗಿನದಕ್ಕೆ 7, ಮೇಲಿನದಕ್ಕೆ 9 ಹೀಟ್ ರೇಂಜಿನವು (ಪ್ಲಗ್ಗು ಬಿಸಿಯನ್ನು ಹೊರಹಾಕುವ ಶಕ್ತಿಯನ್ನು ಸೂಚಿಸುವ ಸಂಖ್ಯೆ) ಬರುತ್ತವೆ, ಅದಲುಬದಲಾಗದಂತೆ ನೋಡಿಕೊಳ್ಳಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷೆಗೆ ಘಾಟಿಯನ್ನಲ್ಲ, ವಾಹನ ಸಂಚಾರವಿಲ್ಲದ ನೇರ ರಸ್ತೆಯನ್ನು ಆರಿಸಿಕೊಳ್ಳಿ. ಗೇಜು ಓದಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಏಪ್ರಿಲ್ ಮಧ್ಯಾಹ್ನದಲ್ಲಿ ಸರಿಯಿದ್ದ ಕಾರು ಡಿಸೆಂಬರಿನ ಮುಂಜಾನೆ ತೀರ್ಥಹಳ್ಳಿಯ ಕಡೆಯ ಮಂಜಿನಲ್ಲಿ ಹೆಚ್ಚು ಬೂಸ್ಟ್ ತೋರಿಸಬಹುದು, ಏಕೆಂದರೆ ತಣ್ಣನೆಯ ಗಾಳಿ ಸಾಂದ್ರವಾಗಿರುತ್ತದೆ. ಆದ್ದರಿಂದ ಚಳಿಯಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ಕೆಲಸ ಮುಗಿಯಿತೆಂದು ಭಾವಿಸಬೇಡಿ. ಮರಳಿ ಬಂದ ಮೇಲೆ ಎಂಜಿನ್ನನ್ನು ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಆರಿಸಿ, ಮರುದಿನ ಬೆಳಿಗ್ಗೆ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆದು ಕೂಲೆಂಟಿನ ಮಟ್ಟ ಇಳಿದಿದೆಯೇ ಎಂದು ನೋಡಿ ಬರೆದಿಟ್ಟುಕೊಳ್ಳಿ.