ಮೊದಲ ವರ್ಷದ ಇಂಗ್ಲಿಷ್ ಕ್ಲಾಸ್: ಪಕ್ಕದ ಬೆಂಚಿನಿಂದಲೇ ಶುರು ಮಾಡಿ

ಡಿಗ್ರಿ ಮೊದಲ ವರ್ಷಕ್ಕೆ ಇಂಗ್ಲಿಷ್ ಹೇಳಿಕೊಡಲು ಹೊಸದಾಗಿ ಸೇರಿದವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಮೇಡಂ, ಗ್ರಾಮರ್‌ನಿಂದ ಶುರು ಮಾಡಲಾ, ಪಾಠದಿಂದ ಶುರು ಮಾಡಲಾ?" ಎರಡೂ ಬೇಡ ಅನ್ನುತ್ತೇನೆ. ಮೊದಲು ಯಾರು ಯಾರ ಪಕ್ಕ ಕೂತಿದ್ದಾರೆ ನೋಡಿ.

ಬೆಳಗಾವಿಯಲ್ಲಿ ಇದು ಬಾಗಿಲಲ್ಲಿ ನಿಂತರೇ ಗೊತ್ತಾಗುತ್ತದೆ. ಖಾನಾಪುರ ಕಡೆಯಿಂದ ಬರುವ ಮರಾಠಿ ಮನೆಮಾತಿನವರು ಒಂದು ಸಾಲು. ಬೈಲಹೊಂಗಲ, ಕಿತ್ತೂರು, ಹುಕ್ಕೇರಿ ಬಸ್ಸಿನವರು ಇನ್ನೊಂದು ಸಾಲು. ಊರೊಳಗಿನ ಉರ್ದು ಮಾತಾಡುವ ಹುಡುಗಿಯರು ಕಿಟಕಿ ಹತ್ತಿರ. ಕ್ಯಾಂಪ್ ಕಡೆಯಿಂದ ಮಿಲಿಟರಿಯವರ ಮಕ್ಕಳು ಒಬ್ಬಿಬ್ಬರು ಇದ್ದರೆ ಅವರಿಗೆ ಕನ್ನಡವೂ ಬರಲ್ಲ, ಮರಾಠಿಯೂ ಬರಲ್ಲ. ಸುಮ್ಮನೆ ಬಿಟ್ಟರೆ ಪರೀಕ್ಷೆ ಮುಗಿಯುವವರೆಗೂ ಯಾರೂ ಸಾಲು ದಾಟುವುದಿಲ್ಲ.

ಸಿಲೆಬಸ್‌ನಲ್ಲಿ 'ಕ್ರಾಸ್ ಕಲ್ಚರಲ್ ಕಮ್ಯುನಿಕೇಶನ್', ಅಂದರೆ ಬೇರೆ ಬೇರೆ ಸಂಸ್ಕೃತಿಯವರ ನಡುವಿನ ಮಾತುಕತೆ, ಬಂತು ಅಂದರೆ ಜಪಾನಿನವರು ಬಾಗಿ ನಮಸ್ಕರಿಸುತ್ತಾರೆ, ಅಮೆರಿಕದವರು ಕೈ ಕುಲುಕುತ್ತಾರೆ ಅಂತ ನೋಟ್ಸ್ ಕೊಟ್ಟು ಮುಗಿಸುವವರೇ ಜಾಸ್ತಿ. ಅದನ್ನು ಬಾಯಿಪಾಠ ಮಾಡಿ ಫುಲ್ ಮಾರ್ಕ್ಸ್ ತಗೊಂಡ ಹುಡುಗ ಪಕ್ಕದ ಬೆಂಚಿನವನ ಮನೆಯಲ್ಲಿ ಹಬ್ಬಕ್ಕೆ ಏನು ಮಾಡುತ್ತಾರೆ ಅಂತ ಒಂದು ದಿನವೂ ಕೇಳಿರುವುದಿಲ್ಲ. ಹಾಗಾಗಿ ನನ್ನ ದಾರಿ ಇಷ್ಟೇ. ಮೊದಲು ಕ್ಲಾಸಿನೊಳಗಿನ ಸಾಲು ದಾಟಿಸಿ, ಅದಕ್ಕೆ ಇಂಗ್ಲಿಷ್ ಬಳಸಿ. ಹೊರದೇಶದ ಮಾತು ಆಮೇಲೆ.

ಮೊದಲ ಪೀರಿಯಡ್

'ಇಂಟ್ರೊಡ್ಯೂಸ್ ಯುವರ್‌ಸೆಲ್ಫ್' ಮಾಡಿಸಬೇಡಿ. ಎಲ್ಲರೂ ಎದ್ದು 'ಮೈಸೆಲ್ಫ್' ಅಂತ ಶುರು ಮಾಡಿ, ಹೈಸ್ಕೂಲಿನಲ್ಲಿ ಕಲಿತ ಅದೇ ನಾಲ್ಕು ವಾಕ್ಯ ಒಪ್ಪಿಸಿ ಕೂತುಬಿಡುತ್ತಾರೆ. ಬದಲಿಗೆ ನಂಬರ್ ಬರೆದ ಚೀಟಿ ಹಂಚಿ. ಒಂದೇ ನಂಬರಿನ ಇಬ್ಬರು ಒಂದು ಜೋಡಿ. ಇಬ್ಬರದೂ ಒಂದೇ ಮನೆಮಾತಾದರೆ ಚೀಟಿ ಬದಲಿಸಿ. ಬೋರ್ಡಿನ ಮೇಲೆ ನಾಲ್ಕು ಸಾದಾ ಪ್ರಶ್ನೆ ಬರೆಯಿರಿ: ಯಾವ ಬಸ್ಸಿಗೆ ಬರ್ತೀಯಾ, ಮನೆಯಲ್ಲಿ ಮೊದಲು ಯಾರು ಏಳುತ್ತಾರೆ, ಇವತ್ತು ಏನು ತಿಂದು ಬಂದೆ, ನಾಗರ ಪಂಚಮಿಗೆ ನಿಮ್ಮಲ್ಲಿ ಏನು ಮಾಡುತ್ತಾರೆ. ಹತ್ತು ನಿಮಿಷ ಆದ ಮೇಲೆ ಪ್ರತಿಯೊಬ್ಬರೂ ತಮ್ಮ ಜೋಡಿಯನ್ನು ಪರಿಚಯಿಸಬೇಕು, ತಮ್ಮನ್ನಲ್ಲ.

ಇದರಲ್ಲಿ ಗ್ರಾಮರ್‌ನ ಲಾಭವೂ ಇದೆ. ತನ್ನ ಬಗ್ಗೆ ಮಾತಾಡುವವನಿಗೆ 'ಐ' ಬಿಟ್ಟು ಬೇರೆ ಏನೂ ಬೇಕಾಗುವುದಿಲ್ಲ. ಇನ್ನೊಬ್ಬಳ ಬಗ್ಗೆ ಹೇಳುವಾಗ 'ಶಿ ಗೆಟ್ಸ್ ಅಪ್ ಅಟ್ ಫೈವ್' ಅನ್ನಲೇಬೇಕು. ಆ ಕೊನೆಯ 'ಸ್' ಅನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದರೂ ಹತ್ತದ್ದು ಇಲ್ಲಿ ಬಾಯಿಗೆ ಹತ್ತುತ್ತದೆ.

ಜೋಡಿ ಮಾತಾಡುವಾಗ ಹಿಂದಿಯೋ, ಬೆಳಗಾವಿಯ ಕನ್ನಡ-ಮರಾಠಿ ಕಲಬೆರಕೆಯೋ ಬಂದರೆ ಬರಲಿ. ಕೊನೆಗೆ ಎದ್ದು ಹೇಳುವುದು ಮಾತ್ರ ಇಂಗ್ಲಿಷಿನಲ್ಲಿ. ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ ಅನ್ನುವ ಪದ್ಧತಿ ನನಗೆ ಸುತರಾಂ ಹಿಡಿಸಲ್ಲ. ದಂಡ ಹಾಕಿದರೆ ಮಕ್ಕಳು ಇಂಗ್ಲಿಷ್ ಮಾತಾಡುವುದಿಲ್ಲ, ಬಾಯಿ ಮುಚ್ಚಿಕೊಂಡು ಕೂರುತ್ತಾರೆ.

ಹೋಳಿಗೆಯ ವಾದ

ಎರಡನೇ ವಾರ ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಹಾಕಿ: ಹೋಳಿಗೆ ಮತ್ತು ಪೂರಣ ಪೋಳಿ ಒಂದೇನಾ, ಬೇರೆಯಾ? ಇಡೀ ಕ್ಲಾಸ್ ಎದ್ದು ನಿಲ್ಲುತ್ತದೆ. ಆಗ ಮೂರು ವಾಕ್ಯ ಕೊಡಿ. 'ಇನ್ ಅವರ್ ಹೌಸ್ ವಿ ಡೂ ಇಟ್ ಡಿಫರೆಂಟ್ಲಿ.' 'ಡು ಯು ಮೀನ್ ದಟ್...?' 'ಐ ಆಮ್ ನಾಟ್ ಶೂರ್ ಅಬೌಟ್ ದಟ್.' ಈ ಮೂರರಲ್ಲಿ ಒಂದನ್ನು ಹೇಳದೆ ಯಾರೂ ವಾದಕ್ಕೆ ಇಳಿಯುವಂತಿಲ್ಲ. ಬೇಳೆ ಬೇಯಿಸಿದ ಕಟ್ಟಿನಿಂದಲೇ ಇವರು ಕಟ್ಟಿನ ಸಾರು ಮಾಡುತ್ತಾರೆ, ಅವರು ಕಟಾಚಿ ಆಮ್ಟಿ ಮಾಡುತ್ತಾರೆ ಅಂತ ಗೊತ್ತಾಗುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ.

ಒಪ್ಪದಿದ್ದನ್ನು ಜಗಳ ಆಗದಂತೆ ಹೇಳುವುದು ನಮ್ಮ ಊರಿಗೆ ಬೇಕಾದ ವಿದ್ಯೆ. ನವೆಂಬರ್ 1ರ ರಾಜ್ಯೋತ್ಸವ ಹತ್ತಿರ ಬಂದಾಗ ಕನ್ನಡ-ಮರಾಠಿ ಗಡಿ ವಿವಾದದಿಂದ ಇಲ್ಲಿ ಗಾಳಿಯೇ ಬೇರೆ, ಹೇಳಬೇಕಿಲ್ಲ ಅಲ್ವಾ. ನೀವಾಗಿ ಆ ವಿಷಯ ಎತ್ತಬೇಡಿ. ಅದೇ ಬಂದರೆ ತಡೆಯಲೂ ಬೇಡಿ. ಹೋಳಿಗೆಗೆ ಬಳಸಿದ ಆ ಮೂರು ವಾಕ್ಯಗಳ ಕಡೆ ಬೆರಳು ತೋರಿಸಿ, ಸಾಕು.

ಆಮೇಲೆ ನಮ್ಮ ಬೆಳಗಾವಿಯ ಸಿಹಿತಿಂಡಿ ಕುಂದಾ. ಕುಂದಾ ತಿನ್ನದ, ಪೇಢಾ ಎಂದರೂ ಗೊತ್ತಿಲ್ಲದ ಒಬ್ಬರಿಗೆ ಅದು ಏನು ಅಂತ ವಿವರಿಸಬೇಕು. "ಅದು ಪೇಢಾ ಥರ ಇರುತ್ತೆ" ಅಂದರೆ ನಡೆಯಲ್ಲ. ಸ್ವಲ್ಪ ಒದ್ದಾಡಿ ಕೊನೆಗೆ ಯಾರಾದರೂ 'ಮಿಲ್ಕ್ ಈಸ್ ಬಾಯ್ಲ್ಡ್ ಫಾರ್ ಎ ಲಾಂಗ್ ಟೈಮ್ ವಿತ್ ಶುಗರ್. ಇಟ್ ಬಿಕಮ್ಸ್ ಥಿಕ್ ಅಂಡ್ ಬ್ರೌನ್' ಅನ್ನುತ್ತಾರೆ. ಪ್ಯಾಸಿವ್ ವಾಯ್ಸ್ ಅಂತ ಹೆಸರು ಹೇಳಬೇಡಿ ಇನ್ನೂ. ಮರುದಿನ ಹೇಳಿದರಾಯಿತು.

'ರೀ' ಎಲ್ಲಿ ಹೋಯಿತು?

ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ಒಬ್ಬ ಹುಡುಗ ಪ್ರಿನ್ಸಿಪಾಲರ ಮುಂದೆ ನಿಂತು "ಸರ್, ಗಿವ್ ಮಿ ಟಿಸಿ" ಅನ್ನುತ್ತಾನೆ. ಕೇಳಿದವರಿಗೆ ಇದು ಹುಕುಂ. ಅವನ ಮನಸ್ಸಿನಲ್ಲಿ ಇರುವುದು "ಸರ್, ಟಿಸಿ ಕೊಡ್ರಿ". ಮರ್ಯಾದೆಯೆಲ್ಲ ಆ 'ರಿ'ಯಲ್ಲಿದೆ. ಇಂಗ್ಲಿಷಿಗೆ ಬರುವಾಗ ಅದು ಉದುರಿಹೋಗುತ್ತದೆ. ಮರಾಠಿಯವರಿಗೆ 'ದ್ಯಾ'ದಲ್ಲಿ, ಉರ್ದುವಿನವರಿಗೆ 'ದೀಜಿಯೇ'ಯಲ್ಲಿ ಇದ್ದದ್ದೂ ಹಾಗೇ ಉದುರುತ್ತದೆ. ಮೂವರದೂ ಒಂದೇ ಪಾಡು. ಹುಡುಗ ಒರಟನಲ್ಲ, ಮರ್ಯಾದೆ ಇಡುವ ಜಾಗ ಅವನಿಗೆ ಗೊತ್ತಿಲ್ಲ, ಅಷ್ಟೇ.

ಅಭ್ಯಾಸ ಹೀಗೆ ಮಾಡಿಸಿ. ಫೋನಿನ ಚಾರ್ಜರ್ ಬೇಕಾಗಿದೆ. ಗೆಳೆಯನನ್ನು, ಭಾವನನ್ನು, ಆಫೀಸಿನ ಕ್ಲಾರ್ಕನ್ನು, ಮೊದಲ ಸಲ ನೋಡಿದ ಅತಿಥಿಯನ್ನು ಕೇಳಬೇಕು. ಹಾಳೆಯ ಎಡಭಾಗದಲ್ಲಿ ನಾಲ್ಕನ್ನೂ ಮನೆಮಾತಿನಲ್ಲಿ ಬರೆಯಲಿ. ಮರ್ಯಾದೆ ಎಲ್ಲಿ ಕೂತಿದೆಯೋ ಅಲ್ಲಿ ಸುತ್ತು ಹಾಕಲಿ. ನಮ್ಮ ಮಾತುಗಳಲ್ಲಿ ಆ ಸುತ್ತು ಹೆಚ್ಚಾಗಿ ವಾಕ್ಯದ ಕೊನೆಗೆ ಬೀಳುತ್ತದೆ. ಬಲಭಾಗದಲ್ಲಿ ಇಂಗ್ಲಿಷ್ ಬರೆಯುವಾಗ ಅದನ್ನು ಮುಂದಕ್ಕೆ ತರಬೇಕು: 'ಕುಡ್ ಯು', 'ಮೇ ಐ', 'ವುಡ್ ಇಟ್ ಬಿ ಆಲ್‌ರೈಟ್ ಇಫ್'. ಗೆಳೆಯನಿಗೆ ಇಷ್ಟೆಲ್ಲ ಬೇಡ ಅನ್ನುವುದನ್ನೂ ಹೇಳಿ. ಆಪ್ತರಿಗೆ ಮರ್ಯಾದೆ ಜಾಸ್ತಿಯಾದರೆ ಸಿಟ್ಟು ಬಂದಿದೆ ಅಂದುಕೊಳ್ಳುತ್ತಾರೆ. ಅದು ಇಂಗ್ಲಿಷಿನಲ್ಲೂ ಹೌದು, ಕನ್ನಡದಲ್ಲೂ ಹೌದು.

ಥ್ಯಾಂಕ್ಸ್ ವಿಷಯ ಬಂದಾಗ ಒಬ್ಬ ಹುಡುಗಿ ಹೇಳಿದ್ದು ನನಗೆ ಬಹಳ ಇಷ್ಟ. "ಅವ್ವಗ ಥ್ಯಾಂಕ್ಯೂ ಅಂದ್ರ ಆಕಿ ಜ್ವರಾ ಬಂದಾವೇನು ಅಂತ ಹಣಿ ಮುಟ್ಟಿ ನೋಡ್ತಾಳ್ರಿ." ನಿಜ. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ದೂರ ಮಾಡಿದ ಹಾಗೆ. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಉಪ್ಪಿನ ಡಬ್ಬಿ ಕೊಟ್ಟ ಅಣ್ಣನಿಗೂ, ಇಳಿಸಿದ ಬಸ್ ಡ್ರೈವರ್‌ಗೂ ಥ್ಯಾಂಕ್ಸ್ ಹೇಳುವುದು ಮಾಮೂಲು. ಯಾವುದು ಒಳ್ಳೆಯದು ಅಂತ ತೀರ್ಪು ಕೊಡಬೇಡಿ. ಹೋಮ್‌ವರ್ಕ್ ಕೊಡಿ: ಇವತ್ತು ಇಳಿಯುವಾಗ ಕಂಡಕ್ಟರ್‌ಗೆ 'ಥ್ಯಾಂಕ್ ಯು' ಹೇಳಿ, ಏನಾಯಿತು ಅಂತ ನಾಳೆ ಹೇಳಬೇಕು. ಪಾಸಿನ ಹುಡುಗರಿಗೂ ಇದೇ, ಶಕ್ತಿ ಯೋಜನೆಯ ಝೀರೋ ಟಿಕೆಟ್ ಹುಡುಗಿಯರಿಗೂ ಇದೇ. ಒಬ್ಬ ಕಂಡಕ್ಟರ್ 'ವೆಲ್‌ಕಮ್' ಅಂದು ನಕ್ಕರಂತೆ. ಇನ್ನೊಬ್ಬರು "ಮೊದಲ ದಾರಿ ಬಿಡು" ಅಂದರಂತೆ. ಎರಡೂ ಕಥೆ ಪಾಸ್ಟ್ ಟೆನ್ಸ್‌ನಲ್ಲಿ ಬರಲಿ.

ಹೌದು ಎಂದರೆ ಹೌದಾ?

"ಪೆನ್ ಇಲ್ವಾ?" ಅಂದರೆ ನಾವು "ಹ್ಞೂ, ಇಲ್ಲ" ಅನ್ನುತ್ತೇವೆ. 'ಡೋಂಟ್ ಯು ಹ್ಯಾವ್ ಎ ಪೆನ್?' ಅಂದಾಗ ಇಂಗ್ಲಿಷಿನಲ್ಲಿ 'ನೋ, ಐ ಡೋಂಟ್'. ಬರೀ 'ಯಸ್' ಅಂದರೆ ಎದುರಿನವರು ಪೆನ್ ಇದೆ ಅಂದುಕೊಳ್ಳುತ್ತಾರೆ. ಫೋನ್ ಇಂಟರ್‌ವ್ಯೂನಲ್ಲಿ ಇದು ದುಬಾರಿಯಾದೀತು. 'ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?' ಅಂದರೆ 'ಯಸ್ ಮೇಡಂ' ಅನ್ನುತ್ತಲೇ ಕಿಟಕಿ ತೆಗೆಯುವ ಹುಡುಗರೂ ಇದ್ದಾರೆ. ಇಂಗ್ಲಿಷಿನಲ್ಲಿ ಆ 'ಯಸ್' ಅಂದರೆ ತೆಗೆಯಲು ನನಗೆ ಅಡ್ಡಿ ಇದೆ ಅಂತ. ದಿನಾ ಅಟೆಂಡೆನ್ಸ್ ತಗೊಳ್ಳುವಾಗ ಇಬ್ಬರಿಗೆ ಇಂಥ ಪ್ರಶ್ನೆ ಎಸೆಯಿರಿ, ಪಾಠ ಬೇಕಿಲ್ಲ. ತಲೆ ಅಲ್ಲಾಡಿಸಿ 'ಆಯ್ತು' ಅನ್ನುವ ನಮ್ಮ ರೂಢಿ ಹೊರಗಿನವರಿಗೆ ಎಷ್ಟೋ ಸಲ 'ಇಲ್ಲ' ಅಂತಲೇ ಕಾಣುತ್ತದೆ. ತಲೆಯ ಜೊತೆ ಬಾಯಿಯೂ ಮಾತಾಡಲಿ.

ಉಚ್ಚಾರಣೆಗೆ ನಾನು ಜಾಸ್ತಿ ತಲೆಕೆಡಿಸಿಕೊಳ್ಳಲ್ಲ. ಅರ್ಥ ಕೆಡುವ ಕಡೆ ಮಾತ್ರ ತಿದ್ದಿ. 'ಎಗ್' ಹೋಗಿ 'ಯೆಗ್ಗು' ಆಗುವುದು, 'ಫ್ಯಾನ್' ಹೋಗಿ 'ಪ್ಯಾನ್' ಆಗುವುದು, ಇಂಥವು. ಇಲ್ಲಿ ಒಂದು ಉಪಾಯ ಇದೆ. ತುಟಿ-ಹಲ್ಲಿನ 'ಫ'ವೂ ಗುಂಯ್‌ಗುಡುವ 'ಜ'ವೂ ಉರ್ದು ಮಾತಾಡುವವರ ನಾಲಿಗೆಯಲ್ಲಿ ಆಗಲೇ ಇರುತ್ತವೆ. ಆ ದಿನದ ಮಟ್ಟಿಗೆ ಕಿಟಕಿ ಹತ್ತಿರದ ಹುಡುಗಿಯರೇ ಟೀಚರ್. ವಾರಗಟ್ಟಲೆ ಬಾಯಿ ಬಿಡದವರು ಅವತ್ತು ಮಾತಾಡಿದ್ದನ್ನು ನೋಡಿದ್ದೇನೆ. ಯಾರಾದರೂ ಮಾತಾಡುವಾಗ ನಡುವೆ ಬಾಯಿ ಹಾಕಿ ತಿದ್ದಬೇಡಿ. ತಪ್ಪು ಬರೆದಿಟ್ಟುಕೊಂಡು ಕೊನೆಗೆ ಹೆಸರಿಲ್ಲದೆ ಬೋರ್ಡಿನ ಮೇಲೆ ಹಾಕಿ.

ಟೇಪು ಹಿಡಿದು ಅಳೆಯುವುದು

ಒಂದು ದಿನ ದರ್ಜಿಯ ಟೇಪು ತನ್ನಿ. ಇಬ್ಬರು ಎದುರುಬದುರು ನಡೆದು ಬರಲಿ, ಮುಜುಗರ ಅನ್ನಿಸಿದಲ್ಲಿ ನಿಲ್ಲಲಿ. ನಡುವಿನ ಅಂತರ ಅಳೆಯಿರಿ. ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1966ರಲ್ಲಿ ಆಪ್ತರ ನಡುವಿನ ಅಂತರ ಒಂದೂವರೆ ಅಡಿಯಿಂದ 4 ಅಡಿ ಅಂತ ಬರೆದಿದ್ದರು. ನಮ್ಮ ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡೇ ನಿಲ್ಲುತ್ತಾರೆ. ಹಾಲ್ ನೋಡಿದ್ದು ಹೆಚ್ಚಾಗಿ ಅಮೆರಿಕದ ಈಶಾನ್ಯ ಕರಾವಳಿಯ ಮಧ್ಯಮ ವರ್ಗದವರನ್ನು ಅನ್ನುವುದನ್ನು ಮರೆಯದೆ ಹೇಳಿ. ಇಲ್ಲದಿದ್ದರೆ ಮಕ್ಕಳು ಆ ಅಂಕಿಯನ್ನು ಇಡೀ ವಿದೇಶಕ್ಕೆ ಹಚ್ಚಿಬಿಡುತ್ತಾರೆ. ಹುಡುಗ-ಹುಡುಗಿಯ ಜೋಡಿ ಮಾತ್ರ ಮಾಡಬೇಡಿ. ಶಿಳ್ಳೆ ಬೀಳುತ್ತದೆ, ಅವತ್ತಿನ ಕ್ಲಾಸ್ ಅಲ್ಲಿಗೆ ಮುಗಿಯಿತು.

ಪಟ್ಟದಕಲ್ಲಿಗೆ ಹೋಗುವಾಗ

ಹಿಸ್ಟರಿ ವಿಭಾಗದವರು ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಟೂರ್ ಹಾಕಿದರೆ ನೀವೂ ಬಸ್ ಹತ್ತಿ. ಪಟ್ಟದಕಲ್ಲು 1987ರಿಂದ ಯುನೆಸ್ಕೋ ವಿಶ್ವ ಪರಂಪರೆ ತಾಣ, ಹೊರದೇಶದವರು ಬರುತ್ತಾರೆ. ಸಾಮಾನ್ಯವಾಗಿ ನಮ್ಮ ಮಕ್ಕಳು ಅವರನ್ನು ಕಂಡರೆ 'ವಿಚ್ ಕಂಟ್ರಿ?' ಅಂದವರೇ ಸೆಲ್ಫಿಗೆ ನಿಲ್ಲುತ್ತಾರೆ. ಮುಂದಿನ ಪ್ರಶ್ನೆ ಮದುವೆಯಾಗಿದೆಯಾ, ಸಂಬಳ ಎಷ್ಟು. ನಮ್ಮಲ್ಲಿ ಇವು ಅಕ್ಕರೆಯ ಪ್ರಶ್ನೆಗಳು. ಅವರಲ್ಲಿ ಬಹಳ ಜನರಿಗೆ ಗುರುತಿಲ್ಲದವರು ಕೇಳಬಾರದ ಪ್ರಶ್ನೆಗಳು.

ಹೋಗುವ ಮೊದಲು ತಲಾ ಎರಡು ನಿಮಿಷದ ವಿವರಣೆ ತಯಾರು ಮಾಡಿಸಿ. ವಿರೂಪಾಕ್ಷ ದೇವಸ್ಥಾನ ಸಾಕು. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ್ದು, ಇವತ್ತಿಗೂ ಪೂಜೆ ನಡೆಯುತ್ತದೆ. ಕೇಳುವವರಿಗೆ ಪಲ್ಲವರು ಯಾರು ಅಂತ ಗೊತ್ತಿರಲ್ಲ, ಗರ್ಭಗುಡಿ ಅಂದರೂ ಗೊತ್ತಿರಲ್ಲ. ಕುಂದಾ ವಿವರಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಜೇಬಿನಲ್ಲಿ ಒಂದು ಚೀಟಿ ಇರಲಿ. 'ಎಕ್ಸ್‌ಕ್ಯೂಸ್ ಮಿ, ಡು ಯು ಹ್ಯಾವ್ ಎ ಮಿನಿಟ್?' 'ಸಾರಿ, ಐ ಡಿಡಂಟ್ ಗೆಟ್ ದಟ್.' 'ಕುಡ್ ಯು ಸೇ ಇಟ್ ಸ್ಲೋಲಿ?' 'ಈಸ್ ಇಟ್ ಓಕೆ ಟು ಟೇಕ್ ಎ ಫೋಟೋ?' 'ನೋ ಪ್ರಾಬ್ಲಂ, ಥ್ಯಾಂಕ್ ಯು ಎನಿವೇ.' ಕೊನೆಯದು ಅವರು ಬೇಡ ಅಂದಾಗ ಹೇಳಲು. ಒಂದು ವರ್ಷದಲ್ಲಿ ಈ ಐದು ವಾಕ್ಯ ಅಳುಕಿಲ್ಲದೆ ಬಂದರೆ ನನಗೆ ಸಾಕು. ಇಬ್ಬಿಬ್ಬರಾಗಿ ಹೋಗಲಿ, ಹಿಂಡು ಕಟ್ಟಿಕೊಂಡು ಮುತ್ತಿಗೆ ಹಾಕುವುದು ಬೇಡ. ನೀವು ದೂರ ನಿಲ್ಲಿ. ಮೇಡಂ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾದರೆ ಬಂದ ಇಂಗ್ಲಿಷೂ ಹೋಗುತ್ತದೆ.

ವಾಪಸ್ ಬಸ್ಸಿನಲ್ಲಿ ಹಾಡು ಶುರುವಾಗುವ ಮೊದಲೇ ಒಂದು ಹಾಳೆ ಹಿಂದಕ್ಕೆ ಕಳಿಸಿ. ಅವರು ಕೇಳಿದ, ನಿಮಗೆ ಉತ್ತರ ಹೇಳಲಾಗದ ಪ್ರಶ್ನೆ ಯಾವುದು ಅಂತ ಒಬ್ಬೊಬ್ಬರೂ ಬರೆಯಲಿ, ಯಾವ ಭಾಷೆಯಲ್ಲಾದರೂ ಸರಿ. 'ಬಸವಣ್ಣನ ಕಿವಿಯಲ್ಲಿ ಏನು ಹೇಳಿದಿರಿ?', 'ಚಪ್ಪಲಿ ಯಾಕೆ ಹೊರಗೆ?' ಇಂಥವೇ ಬರುತ್ತವೆ. ಸೋಮವಾರದ ಪಾಠ ಅದೇ ಹಾಳೆಯಿಂದ.